ಎರಡೂ ಕೈ

ಹೊಳೆಗೆ ಗೋಡೆಯಿಲ್ಲ.
ಇದನ್ನು ನಾನು ಕಲಿತದ್ದು ತ್ರಿಶ್ಶೂರಿನಲ್ಲಿ,
ಹದಿನಾಲ್ಕರ ವಯಸ್ಸಿಗೆ, ಹಣೆ ಬಡಿದುಕೊಂಡು.

ಅಲ್ಲಿಯವರೆಗೆ ಈಜು ಎಂದರೆ
ಶಿರಿಯ ಹೊಳೆಯ ಈ ದಡದಿಂದ ಆ ದಡ,
ಕಡವಿನ ಬಾಬಣ್ಣ ಗಂಜಿಗೆ ಹೋದ ಹೊತ್ತು.
ಎಡಗೈ ನೆತ್ತಿಗಿಂತ ಮೇಲೆ, ಅದರಲ್ಲಿ
ಪ್ಲಾಸ್ಟಿಕ್ಕು ಸುತ್ತಿದ ಏಳನೆಯ ಕ್ಲಾಸು.
ಬಲಗೈಗೆ ನೀರು. ಕಾಲಿಗೆ ಕಪ್ಪೆಯ ಕೆಲಸ.
ಉಬ್ಬರವಿದ್ದರೆ ಅಳಿವೆಯ ಕಡೆ ಗುರಿ,
ಇಳಿತವಿದ್ದರೆ ರೈಲು ಸೇತುವೆಯ ಕಡೆ;
ಎಲ್ಲೋ ನೋಡಿ ಎಲ್ಲೋ ಮುಟ್ಟುವುದು,
ಒಂದು ಕೈಯಲ್ಲಿ ಬೇರು ಹಿಡಿದು ಹತ್ತುವುದು.

ತ್ರಿಶ್ಶೂರಿನ ನೀರಿಗೆ ಉಪ್ಪಿಲ್ಲ, ಏರಿಳಿತವಿಲ್ಲ.
ತಳದಲ್ಲಿ ಕಪ್ಪು ಗೆರೆ, ಕಾಪಿ ಪುಸ್ತಕದ ಹಾಗೆ.
ಗೆರೆ ಬಿಡದೆ ಬರೆಯಬೇಕು ಎಂದರು ಪೌಲೋಸ್ ಮಾಷ್.
ಹಾಗೆಂದರೋ ಇಲ್ಲವೋ, ನನ್ನ ಮಲಯಾಳ ಆಗ
ಬಸ್ಸಿನ ಬೋರ್ಡು ಓದುವಷ್ಟು.
ನನ್ನದು ಕಪ್ಪೆ ಈಜು ಎಂದೆ. ಹಾಸ್ಟೆಲಿಡೀ ನಕ್ಕಿತು:
ಅವರಿಗೆ ಕಪ್ಪ ಎಂದರೆ ಮರಗೆಣಸು.
ಎಂಟು ವರ್ಷ ನನ್ನ ಹೆಸರು ಅದೇ.

ಟೋಪಿಯ ಮೇಲೆ ಕೇರಳ ಎಂದಿತ್ತು.
ಊರಿನ ಮೋರಿಕಟ್ಟೆಯ ಮೇಲೆ
ಕಾಸರಗೋಡು ಕನ್ನಡನಾಡಿಗೆ ಎಂದಿತ್ತು,
ಸುಣ್ಣದ ಬಕೆಟು ಹಿಡಿದವನು ನನ್ನಣ್ಣ.
ಪದಕಗಳನ್ನು ಮನೆಗೆ ತರುತ್ತಿದ್ದೆ.
ಟೋಪಿಯನ್ನು ತರುತ್ತಿರಲಿಲ್ಲ.

ಅಹಮದಾಬಾದು. ಇನ್ನೂರು ಮೀಟರಿನ ಫೈನಲು.
ಮೂರನೆಯ ಗೋಡೆಯವರೆಗೆ ಎಲ್ಲ ಸರಿ.
ಕೊನೆಯ ಐವತ್ತರಲ್ಲಿ ಕಪ್ಪು ಗೆರೆ ಕೆಸರಾಯಿತು,
ನಾಲಗೆಗೆ ಉಪ್ಪು ಬಂತು.
ಬಾಬಣ್ಣ ಬಂದು ಹಗ್ಗ ಬಿಚ್ಚುವ ಮೊದಲು ಮುಟ್ಟಬೇಕು,
ಮುಟ್ಟಿದೆ.
ಬಲಗೈ ಒಂದರಲ್ಲಿ.
ಎಡಗೈ ಮೇಲೆ, ಗಾಳಿಯಲ್ಲಿ, ಏನೂ ಹಿಡಿಯದೆ
ಒದ್ದೆಯಾಗದಂತೆ ಎತ್ತಿಕೊಂಡು.

ಒಂದೂವರೆ ನಿಮಿಷ ನಾನು ಮೂರನೆಯವಳು.
ಆಮೇಲೆ ಮೈಕಿನವನು ಚಂಚಲ್... ಆಕ್ಷೀ ಎಂದು ಸೀನಿದ,
ಮುಂದಿನದು ಹಿಂದಿ.
ದಡದಲ್ಲಿ ಬಿಳಿ ಷರಟಿನ ಹೆಂಗಸು ಕೈ ಎತ್ತಿ ನಿಂತಿದ್ದಳು.
ತಪ್ಪು ಕಂಡವರು ಕೈ ಎತ್ತಬೇಕು, ನಿಯಮ.
ಅವರಿಗೆ ಒಂದು ಸಾಕು.

ಮಾಷ್ ಟವೆಲು ಹೊದಿಸಿ, ಸಾರಮಿಲ್ಲ, ಎಂದರು.
ಪರವಾಗಿಲ್ಲ ಎಂದರ್ಥ. ಆ ಹೊತ್ತಿಗೆ ನನಗೆ ಗೊತ್ತಿತ್ತು.
ಆದರೆ ಕಿವಿಯಲ್ಲಿ ನೀರು,
ಕೇಳಿಸಿದ್ದು ಕನ್ನಡದಲ್ಲಿ.

ಅಮ್ಮ ಮೀನು ಕೊಯ್ಯುತ್ತಾ ಎಲ್ಲ ಕೇಳಿದಳು.
ನಾಲ್ಕು ಸಲ ದಾಟಿ ಹೊರಟಲ್ಲಿಗೇ ಬರುವುದಾದರೆ
ಹೋದದ್ದು ಯಾಕೆ ಮಗಾ?

ಮತ್ತೆರಡು ವರ್ಷ ಈಜಿದೆ.
ಗೋಡೆ ಹತ್ತಿರವಾದರೆ ಸಾಕು, ಕೈಗಳನ್ನು ಎಣಿಸುವುದು.
ಒಂದು, ಎರಡು. ಎಣಿಸುವವಳು ನಿಧಾನ.
ಐದನೆಯವಳಾದೆ, ಏಳನೆಯವಳಾದೆ,
ಆಮೇಲೆ ಉಪ್ಪಳದ ಟಿಕೇಟು ಕಿಟಕಿಯವಳಾದೆ,
ರೈಲ್ವೆಯ ಕ್ರೀಡಾ ಕೋಟಾದಲ್ಲಿ, ಮೂವತ್ತೊಂದು ವರ್ಷ.
ಚಿಲ್ಲರೆಗೆ ಚಾಚಿದ ಕೈಗಳನ್ನು ನೋಡಿದಷ್ಟು
ಮುಖಗಳನ್ನು ನೋಡಲಿಲ್ಲ.

ಈಗ ಭಾನುವಾರ ಪಂಚಾಯತು ಕೆರೆಯಲ್ಲಿ
ಹನ್ನೆರಡು ಮಕ್ಕಳು. ಸೊಂಟದ ನೀರಲ್ಲಿ ನಿಂತು
ಎರಡೂ ಕೈ, ಎರಡೂ ಕೈ ಎಂದು ಕಿರುಚುತ್ತೇನೆ,
ಕನ್ನಡ, ತುಳು, ಮಲಯಾಳ, ಯಾವುದು ಮೊದಲು ಬಂತೋ ಅದರಲ್ಲಿ.

ಮೊನ್ನೆ ಮಿಸ್ರಿಯಾ, ಒಂಬತ್ತು ವರ್ಷ,
ಎಲ್ಲರನ್ನೂ ಹಿಂದೆ ಬಿಟ್ಟು ಬಂದು
ಒಂದು ಕೈಯಲ್ಲಿ ಮೆಟ್ಟಿಲು ಮುಟ್ಟಿದಳು.
ಬಾಯಿ ತೆರೆದೆ.
ಇನ್ನೊಂದು ಕೈಯಲ್ಲಿ ತಮ್ಮನ ಚಪ್ಪಲಿ,
ತೇಲಿಹೋಗಿತ್ತಂತೆ, ನಡುವೆ ಸಿಕ್ಕಿತಂತೆ.

ಚಪ್ಪಲಿಯನ್ನು ಮೊದಲು ಇಸಿದುಕೊಂಡೆ.